ಸೇಂಟ್ ಹಿಲ್‌ನ ಸೈಂಟಾಲಜಿ ಚರ್ಚು: ಅದರಿಂದ ಊರಿಗೆ ದೊರೆಯುವುದೇನು?

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ತಲೆಯೆತ್ತಿದ ನವೀನ ಮತಗಳ ಪೈಕಿ ಸೈಂಟಾಲಜಿಯಷ್ಟು ವಾದವಿವಾದಗಳಿಗೆ ಎಡೆಗೊಟ್ಟುದು ವಿರಳ. ಅದರ ವಿಷಯವಾಗಿ ಪ್ರಕಟವಾಗಿರುವ ಸಾಹಿತ್ಯದ ಬಹುಭಾಗ ಒಂದೋ ಸಂಸ್ಥೆಯೇ ಹೊರಡಿಸಿದ ಸ್ತುತಿ, ಇಲ್ಲವೇ ಅದನ್ನು ತೊರೆದು ಬಂದವರ ಆಕ್ರೋಶ. ಇವೆರಡರ ನಡುವೆ ನಿಂತು ನೋಡಬಯಸುವ ಸಮಾಜಶಾಸ್ತ್ರದ ವಿದ್ಯಾರ್ಥಿಗೆ ನ್ಯಾಯಾಲಯಗಳ ತೀರ್ಪುಗಳು, ಸರಕಾರಿ ವಿಚಾರಣೆಯ ವರದಿಗಳು, ಕೆಲವು ಮಂದಿ ವಿದ್ವಾಂಸರ ಗ್ರಂಥಗಳು ಇವೇ ಊರುಗೋಲು. ಪ್ರಕೃತ ಲೇಖನದಲ್ಲಿ ನಾವು ಸೈಂಟಾಲಜಿಯ ತತ್ತ್ವವನ್ನು ಸಮಗ್ರವಾಗಿ ವಿಮರ್ಶಿಸಹೊರಟಿಲ್ಲ. ನಮ್ಮ ಪ್ರಶ್ನೆ ಅದಕ್ಕಿಂತ ಬಹಳ ಚಿಕ್ಕದು. ಆದರೆ ಉತ್ತರಿಸುವುದಕ್ಕೆ ಸುಲಭವಾದುದೇನೂ ಅಲ್ಲ. ಒಂದು ಊರಿನಲ್ಲಿ ಈ ಮತದ ಚರ್ಚೊಂದು ನೆಲೆಗೊಂಡರೆ ಆ ಊರಿನ ಜನಕ್ಕೆ ಅದರಿಂದ ದೊರೆಯುವುದೇನು? ದೊರೆಯುವುದು ದಾನವಾಗಿಯೋ ಕ್ರಯಕ್ಕೋ? ಇದನ್ನು ವಿಚಾರಿಸಲು ಇಂಗ್ಲೆಂಡಿನ ಈಸ್ಟ್ ಗ್ರಿನ್‌ಸ್ಟೆಡ್ ಪಟ್ಟಣದ ಸೇಂಟ್ ಹಿಲ್ ಚರ್ಚನ್ನು ಆರಿಸಿಕೊಂಡಿದ್ದೇವೆ. ನಾವು ಆ ಊರನ್ನು ಕಣ್ಣಾರೆ ಕಂಡವರಲ್ಲ. ಆದರೂ ಆ ಸಂಸ್ಥೆಯ ಪದ್ಧತಿಗಳಲ್ಲಿ ಅನೇಕವು ಅಲ್ಲಿಯೇ ರೂಪುಗೊಂಡುದರಿಂದಲೂ, ಅದರ ಸಂಬಂಧವಾಗಿ ಹುಟ್ಟಿದ ಮುಖ್ಯ ವ್ಯಾಜ್ಯಗಳಲ್ಲಿ ಎರಡು ಅಲ್ಲಿಂದಲೇ ಹೊರಟುದರಿಂದಲೂ ಬರಹದ ಸಾಕ್ಷ್ಯ ಆ ಊರಿಗೆ ಹೇರಳವಾಗಿ ಉಂಟು.

ಈಸ್ಟ್ ಗ್ರಿನ್‌ಸ್ಟೆಡ್ ಲಂಡನ್ನಿನಿಂದ ದಕ್ಷಿಣಕ್ಕೆ ಸುಮಾರು ಮೂವತ್ತು ಮೈಲಿ ದೂರದ, ಹಳೆಯ ಮರದ ಚೌಕಟ್ಟಿನ ಮನೆಗಳಿರುವ ಒಂದು ಪೇಟೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸುಟ್ಟು ವಿರೂಪರಾದ ವಿಮಾನಯೋಧರಿಗೆ ಆರ್ಚಿಬಾಲ್ಡ್ ಮ್ಯಾಕಿಂಡೋ ಎಂಬ ಶಸ್ತ್ರವೈದ್ಯನು ಹೊಸ ಮುಖಗಳನ್ನು ಕೊಟ್ಟುದು ಇಲ್ಲಿಯ ಕ್ವೀನ್ ವಿಕ್ಟೋರಿಯಾ ಆಸ್ಪತ್ರೆಯಲ್ಲಿ. ಆ ರೋಗಿಗಳು ಬ್ಯಾಂಡೇಜು ಸುತ್ತಿಕೊಂಡೇ ಬೀದಿಯಲ್ಲಿ ಓಡಾಡುತ್ತಿದ್ದರೂ ದಿಟ್ಟಿಸಿ ನೋಡದೆ ಅವರನ್ನು ತಮ್ಮವರೆಂದು ನಡಸಿಕೊಂಡ ಊರು ಎಂಬ ಹೆಸರು ಇದಕ್ಕಿದೆ. ಪರರ ವಿಷಯದಲ್ಲಿ ಈ ತೆರನ ಸೈರಣೆಯುಳ್ಳ ಊರಾದುದರಿಂದಲೋ ಏನೋ, ಸುತ್ತಮುತ್ತ ಮತಸಂಸ್ಥೆಗಳೂ ಹಲವು ಸೇರಿಕೊಂಡಿವೆ. ಸಮೀಪದ ನ್ಯೂಚಾಪೆಲ್‌ನಲ್ಲಿ ಮಾರ್ಮನ್ ಪಂಥದವರು ೧೯೫೮ರಲ್ಲಿ ತಮ್ಮ ದೇವಾಲಯವನ್ನು ತೆರೆದರು. ಮರುವರ್ಷವೇ ಊರ ಹೊರಗಿನ ಸೇಂಟ್ ಹಿಲ್ ಎಂಬ ಬಂಗಲೆಯನ್ನು ಲಫಯೆಟ್ ರೊನಾಲ್ಡ್ ಹಬ್ಬರ್ಡ್ ಎಂಬ ಅಮೆರಿಕನ್ ಗೃಹಸ್ಥನೊಬ್ಬನು ಕೊಂಡನು.

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕಟ್ಟಿದ ಈ ಬಂಗಲೆಯನ್ನು ಹಬ್ಬರ್ಡನಿಗೆ ಮಾರಿದವರು ಜಯಪುರದ ಮಹಾರಾಜ ಎರಡನೆಯ ಸವಾಯಿ ಮಾನಸಿಂಗರು. ಅವರಿಗಿಂತ ಹಿಂದಿನ ಒಡತಿಯೊಬ್ಬಳು ವಿನ್ಸ್‌ಟನ್ ಚರ್ಚಿಲನ ಸೋದರನ ಮಗನಿಂದ ಒಂದು ಕೋಣೆಯ ಗೋಡೆಗಳ ಮೇಲೆಲ್ಲ ಕಪಿಗಳ ಚಿತ್ರ ಬರೆಯಿಸಿದ್ದಳು. ನಾನಾ ವೇಷಭೂಷಣಗಳಲ್ಲಿ ಮನುಷ್ಯವ್ಯಾಪಾರಗಳನ್ನು ಅನುಕರಿಸುತ್ತಿರುವ ಆ ಕಪಿಗಳು ಇಂದಿಗೂ ಅಲ್ಲಿವೆ. ಬಂಗಲೆಯನ್ನು ನೋಡಬಯಸುವ ಸಾರ್ವಜನಿಕರಿಗೆ ಚರ್ಚಿನವರು ಅದನ್ನು ತೋರಿಸುತ್ತಾರೆ. ಊರಿಗೆ ದೊರೆತ ಲಾಭಗಳ ಪಟ್ಟಿಯಲ್ಲಿ ಈ ಒಂದನ್ನು ಯಾವ ಸಂಕೋಚವೂ ಇಲ್ಲದೆ ಮೊದಲಿಗೇ ಬರೆದುಕೊಳ್ಳಬಹುದು: ಹಳೆಯ ಕಟ್ಟಡವೊಂದು ಪಾಳುಬೀಳದೆ ಉಳಿದಿದೆ.

ಹಬ್ಬರ್ಡ್ ೧೯೧೧ರಲ್ಲಿ ಅಮೆರಿಕದ ನೆಬ್ರಾಸ್ಕಾ ಸಂಸ್ಥಾನದಲ್ಲಿ ಹುಟ್ಟಿದವನು. ಅಗ್ಗದ ನಿಯತಕಾಲಿಕಗಳಿಗೆ ಸಾಹಸಕಥೆಗಳನ್ನೂ ವಿಜ್ಞಾನಕಥೆಗಳನ್ನೂ ಬರೆದು ಜೀವಿಸುತ್ತಿದ್ದವನು. ೧೯೫೦ರಲ್ಲಿ ಆತನು ಪ್ರಕಟಿಸಿದ 'ಡಯನೆಟಿಕ್ಸ್' ಎಂಬ ಗ್ರಂಥ ಮನೋರೋಗಗಳಿಗೆ ಹೊಸ ಚಿಕಿತ್ಸೆಯೆಂದು ಹೆಸರುಮಾಡಿತು. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ ಅದಕ್ಕೆ ಪುರಾವೆಯಿಲ್ಲವೆಂದು ಅದೇ ವರ್ಷ ಸಾರಿತು. ಚಿಕಿತ್ಸೆಯೆಂದು ಹುಟ್ಟಿದುದು ೧೯೫೩ರ ಡಿಸೆಂಬರಿನಲ್ಲಿ ನ್ಯೂಜೆರ್ಸಿಯಲ್ಲಿ ಚರ್ಚೆಂದು ನೋಂದಣಿಯಾಯಿತು. 'ಸೈಂಟಾಲಜಿ' ಎಂಬ ಹೆಸರಿನ ಪೂರ್ವಾರ್ಧ ಲ್ಯಾಟಿನ್, ಉತ್ತರಾರ್ಧ ಗ್ರೀಕ್. 'ಅರಿವಿನ ಅರಿವು' ಎಂದು ಅದರ ಭಾವ. ಅರಿಸಮಾಸವನ್ನು ಒಪ್ಪದ ನಮ್ಮ ವೈಯಾಕರಣರು ಇದನ್ನು ಕಂಡಿದ್ದರೆ ಏನೆನ್ನುತ್ತಿದ್ದರೋ!

ಊರಿಗೆ ಬಂದ ಹೊಸತರಲ್ಲಿ ಹಬ್ಬರ್ಡ್ ನೆರೆಹೊರೆಯವರ ಮೆಚ್ಚಿಕೆ ಗಳಿಸುವಂತೆಯೇ ನಡೆದುಕೊಂಡನು. ಸ್ಥಳೀಯ ರಸ್ತೆ ಸುರಕ್ಷತೆಯ ಸಮಿತಿಯಲ್ಲಿ ಕೆಲಕಾಲ ಸಂಘಟಕನಾಗಿದ್ದನು. ಬಂಗಲೆಯ ಗಾಜಿನಮನೆಯಲ್ಲಿ ಟೊಮೇಟೊ ಗಿಡಗಳಿಗೆ ವಿದ್ಯುತ್ ಮಾಪಕವನ್ನು ತಗುಲಿಸಿ ಗಿಡಗಳಿಗೂ ನೋವುಂಟೆಂದು ಪತ್ರಕರ್ತರಿಗೆ ತೋರಿಸಿದನು. ಜಗದೀಶಚಂದ್ರ ಬೋಸರ ಪ್ರಯೋಗಗಳನ್ನು ಬಲ್ಲ ನಮ್ಮ ಓದುಗರಿಗೆ ಇದು ಪರಿಚಿತವೆಂದು ತೋರಬಹುದು. ಆದರೆ ಬೋಸರು ತಮ್ಮ ಉಪಕರಣವನ್ನೂ ಅಳತೆಗಳನ್ನೂ ವಿದ್ವತ್ಸಭೆಗಳ ಮುಂದೆ ಇಟ್ಟು ಪರೀಕ್ಷೆಗೆ ಒಡ್ಡಿದವರು, ಹಬ್ಬರ್ಡ್ ಹಾಗೆ ಮಾಡಲಿಲ್ಲ. ೧೯೬೧ರಿಂದ ಐದಾರು ವರ್ಷಗಳ ಕಾಲ ಆತನು ಇಲ್ಲಿ ವಿಶೇಷ ಶಿಕ್ಷಣವರ್ಗವೊಂದನ್ನು ನಡಸಿ ನಾನೂರಕ್ಕೂ ಮಿಕ್ಕಿ ಉಪನ್ಯಾಸಗಳನ್ನು ಮಾಡಿದನು. ಅಮೆರಿಕ, ಆಸ್ಟ್ರೇಲಿಯ, ದಕ್ಷಿಣ ಆಫ್ರಿಕಗಳಿಂದ ಶಿಷ್ಯರು ಬಂದು ಈ ಊರಿನಲ್ಲಿ ಬಿಡಾರ ಹೂಡಿದರು. ಅವರ ಸಲುವಾಗಿ ನಾರ್ಮನ್ ಕೋಟೆಯ ಮಾದರಿಯಲ್ಲಿ ಕಲ್ಲಿನ ದೊಡ್ಡ ಕಟ್ಟಡವೊಂದರ ನಿರ್ಮಾಣವೂ ಆರಂಭವಾಯಿತು.

ಈಗ ಚರ್ಚಿನ ಒಳಹೊಕ್ಕು ನೋಡೋಣ. ಲೋಕದ ಬೇರೆ ಊರುಗಳ ಸೈಂಟಾಲಜಿ ಚರ್ಚುಗಳಲ್ಲಿಯೂ ಕ್ರಮ ಬಹುಮಟ್ಟಿಗೆ ಇದೇ. ಹೊಸಬನಿಗೆ ಮೊದಲು ಎದುರಾಗುವುದು ಉಚಿತವಾದ ವ್ಯಕ್ತಿತ್ವಪರೀಕ್ಷೆ. ಅದರಲ್ಲಿ ೨೦೦ ಪ್ರಶ್ನೆಗಳು. ಹೆಸರಿನಲ್ಲಿ 'ಆಕ್ಸ್‌ಫರ್ಡ್' ಎಂದಿದ್ದರೂ ಆ ವಿಶ್ವವಿದ್ಯಾನಿಲಯಕ್ಕೂ ಇದಕ್ಕೂ ಸಂಬಂಧವಿಲ್ಲ. ಉತ್ತರಗಳನ್ನು ಒಂದು ನಕ್ಷೆಯ ಮೇಲೆ ಗೆರೆಯೆಳೆದು ತೋರಿಸಿ, ಗೆರೆ ಕೆಳಗಿಳಿದ ಕಡೆ ನಿನಗೆ ಕೊರತೆಯಿದೆ, ಅದಕ್ಕೆ ಇಂಥ ಪಾಠವುಂಟು ಎಂದು ತಿಳಿಸುತ್ತಾರೆ. ಬ್ರಿಟಿಷ್ ಮನಶ್ಶಾಸ್ತ್ರ ಸಂಘದ ತಜ್ಞರು ಇದನ್ನು ಪರಿಶೀಲಿಸಿ, ಶಾಸ್ತ್ರೀಯವಾದ ಪರೀಕ್ಷೆಯೆಂದು ಇದನ್ನು ಒಪ್ಪಲಾಗದೆಂದು ಅಭಿಪ್ರಾಯಪಟ್ಟುದು ೧೯೭೧ರ ಸರಕಾರಿ ವರದಿಯಲ್ಲಿ ದಾಖಲಾಗಿದೆ. ಚರ್ಚು ಉಚಿತವಾಗಿ ನೀಡುವ ಮೊದಲ ವಸ್ತುವೇ ಮುಂದಿನ ವಸ್ತುವನ್ನು ಕೊಳ್ಳುವಂತೆ ಮಾಡುವ ವಸ್ತುವೆಂಬುದು ಗಮನಾರ್ಹ.

ಪರೀಕ್ಷೆಯ ಬಳಿಕ ಪ್ರವೇಶಮಟ್ಟದ ಪಾಠಗಳು. ಇವುಗಳಲ್ಲಿ ಪ್ರಸಿದ್ಧವಾದುದು ಸಂಭಾಷಣೆಯ ಪಾಠ. ಇಬ್ಬರು ಎದುರುಬದುರು ಕುರ್ಚಿಗಳಲ್ಲಿ ಕುಳಿತು, ಅಲುಗದೆ, ನಗದೆ, ಒಬ್ಬರನ್ನೊಬ್ಬರು ನೋಡುತ್ತ ಬಹಳ ಹೊತ್ತು ಇರಬೇಕು. ಅನಂತರ ಒಬ್ಬನು ಮತ್ತೊಬ್ಬನನ್ನು ಕೆಣಕಬೇಕು, ಕೆಣಕಿಸಿಕೊಂಡವನು ವಿಚಲಿತನಾಗಬಾರದು. ಲಜ್ಜಾಶೀಲರಾದವರು ಈ ಅಭ್ಯಾಸದಿಂದ ಧೈರ್ಯ ಪಡೆದುದಾಗಿ ಹೇಳಿಕೊಂಡಿರುವುದುಂಟು. ಚರ್ಚನ್ನು ಬಿಟ್ಟವರಲ್ಲಿಯೂ ಕೆಲವರು ಈ ಮಾತನ್ನು ಅಲ್ಲಗಳೆಯುವುದಿಲ್ಲ. ಈ ಪಾಠಗಳ ಕ್ರಯವೂ ಕಡಿಮೆ. ಇಲ್ಲಿಗೇ ನಿಂತವನಿಗೆ ಚರ್ಚು ಒಂದು ಸಂಜೆಯ ಶಾಲೆಗಿಂತ ಹೆಚ್ಚೇನೂ ಅಲ್ಲ.

ಮುಂದುವರಿಯುವವನಿಗೆ ದೊರೆಯುವುದು 'ಆಡಿಟಿಂಗ್'. ಇದೇ ಈ ಮತದ ಕೇಂದ್ರಕ್ರಿಯೆ. ಆಡಿಟರನು ಪ್ರಶ್ನೆಗಳನ್ನು ಕೇಳುತ್ತಾನೆ. ಉತ್ತರಿಸುವವನು ಎರಡು ಲೋಹದ ಡಬ್ಬಿಗಳನ್ನು ಕೈಯಲ್ಲಿ ಹಿಡಿದಿರುತ್ತಾನೆ. ಡಬ್ಬಿಗಳಿಂದ ತಂತಿ ಇ-ಮೀಟರ್ ಎಂಬ ಯಂತ್ರಕ್ಕೆ ಹೋಗಿರುತ್ತದೆ. ಭೌತಶಾಸ್ತ್ರದ ವಿದ್ಯಾರ್ಥಿಗಳು ಬಲ್ಲ ವ್ಹೀಟ್‌ಸ್ಟನ್ ಬ್ರಿಡ್ಜಿನ ತತ್ತ್ವದ ಮೇಲೆ ನಡೆಯುವ ಈ ಯಂತ್ರ ಚರ್ಮದ ವಿದ್ಯುತ್ ನಿರೋಧವನ್ನು ಅಳೆಯುತ್ತದೆ. ಮುಳ್ಳು ಅಲುಗಿದಲ್ಲಿ ಹಳೆಯ ನೋವಿನ ಗುರುತೊಂದು ಹುದುಗಿದೆಯೆಂದು ಅವರ ನಂಬಿಕೆ. ಅದಕ್ಕೆ 'ಎನ್‌ಗ್ರಾಂ' ಎಂದು ಹೆಸರು. ನೋವು ಈ ಜನ್ಮದ್ದೇ ಆಗಬೇಕೆಂದಿಲ್ಲ. ಮನುಷ್ಯನು ಮೂಲತಃ 'ಥೀಟನ್' ಎಂಬ ಅಮರವಾದ ಚೇತನ, ದೇಹದಿಂದ ದೇಹಕ್ಕೆ ಸಾಗಿಬಂದವನು ಎಂದು ಅವರ ಸಿದ್ಧಾಂತ. ಗುರುತುಗಳೆಲ್ಲ ಅಳಿದಾಗ 'ಕ್ಲಿಯರ್' ಎಂಬ ಅವಸ್ಥೆ. ಅದರ ಮೇಲೆ ಮತ್ತೆ ಎಂಟು ಗುಪ್ತ ಮಟ್ಟಗಳು. ಜನ್ಮಾಂತರದ ಈ ಮಾತಿನಿಂದ ಇದನ್ನು ಭಾರತೀಯ ದರ್ಶನಗಳ ಪಾಶ್ಚಾತ್ಯ ರೂಪವೆಂದು ಅವಸರದಲ್ಲಿ ತೀರ್ಮಾನಿಸಲಾಗದು. ಹಬ್ಬರ್ಡ್ ವೇದಗಳನ್ನೂ ಬುದ್ಧನನ್ನೂ ತನ್ನ ಪೂರ್ವಸೂರಿಗಳೆಂದು ಹೇಳಿಕೊಂಡುದು ನಿಜ. ಆದರೆ ಕರ್ಮ, ಅಹಂಕಾರತ್ಯಾಗ, ವೈರಾಗ್ಯಗಳಿಗೆ ಆತನ ವ್ಯವಸ್ಥೆಯಲ್ಲಿ ಎಡೆಯಿಲ್ಲ. ಅಲ್ಲಿಯ ಗುರಿ ಶಕ್ತಿಯ ವೃದ್ಧಿ.

ಇ-ಮೀಟರಿನ ವಿಷಯವಾಗಿ ಒಂದು ಸಂಗತಿಯನ್ನು ಇಲ್ಲಿಯೇ ಹೇಳತಕ್ಕದ್ದು. ೧೯೬೩ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ವಾಷಿಂಗ್ಟನ್ನಿನ ಚರ್ಚಿನಿಂದ ಈ ಯಂತ್ರಗಳನ್ನು ಜಪ್ತಿಮಾಡಿತು. ದೀರ್ಘಕಾಲ ನಡೆದ ವ್ಯಾಜ್ಯದ ಕೊನೆಗೆ ೧೯೭೧ರಲ್ಲಿ ನ್ಯಾಯಾಧೀಶ ಗೆಸೆಲ್ ಇತ್ತ ತೀರ್ಪಿನ ಪ್ರಕಾರ ಯಂತ್ರವನ್ನು ಧಾರ್ಮಿಕ ಸಲಹೆಗೆ ಮಾತ್ರ ಬಳಸಬಹುದು. ರೋಗನಿದಾನಕ್ಕಾಗಲಿ ಚಿಕಿತ್ಸೆಗಾಗಲಿ ಅದು ಉಪಯುಕ್ತವಲ್ಲವೆಂಬ ಎಚ್ಚರಿಕೆಯನ್ನು ಅದರ ಮೇಲೆ ಅಂಟಿಸಿರಬೇಕು. ಚಿಕಿತ್ಸೆಯಾಗಿ ಮಾರಿದರೆ ಅಪರಾಧ, ಸಂಸ್ಕಾರವಾಗಿ ನಡಸಿದರೆ ಹಕ್ಕು: ಈ ವಿಭಾಗರೇಖೆ ಚರ್ಚಿನ ಇಡೀ ಚರಿತ್ರೆಯನ್ನು ಹಾದುಹೋಗಿದೆ.

ಆಡಿಟಿಂಗನ್ನು ಹನ್ನೆರಡೂವರೆ ಗಂಟೆಗಳ ಕಂತುಗಳಲ್ಲಿ ಗೊತ್ತಾದ ದರಕ್ಕೆ ನೀಡಲಾಗುತ್ತದೆ. ಅದನ್ನು ಚರ್ಚಿನವರು 'ಕಾಣಿಕೆ'ಯೆಂದೇ ಕರೆಯುತ್ತಾರೆ. ಕೊಟ್ಟುದಕ್ಕೆ ಪ್ರತಿಯಾಗಿ ಏನನ್ನಾದರೂ ಪಡೆಯಲೇಬೇಕು, ಬಿಟ್ಟಿಯಾಗಿ ಪಡೆದವನು ಅಧೋಗತಿಗೆ ಇಳಿಯುತ್ತಾನೆ ಎಂಬ 'ವಿನಿಮಯತತ್ತ್ವ' ಅವರಲ್ಲಿ ಧಾರ್ಮಿಕ ಸಿದ್ಧಾಂತವೇ ಆಗಿದೆ. ದರವಿದೆಯೆಂಬ ಒಂದೇ ಕಾರಣದಿಂದ ಇದನ್ನು ಮತವಲ್ಲವೆನ್ನುವವರ ಮಾತನ್ನು ನಾವು ಒಪ್ಪಲಾರೆವು. ನಮ್ಮ ದೇವಾಲಯಗಳ ಹೆಬ್ಬಾಗಿಲಲ್ಲಿಯೂ ಸೇವೆಗಳ ದರಪಟ್ಟಿ ತೂಗುತ್ತಿರುತ್ತದೆ. ಇಂಗ್ಲೆಂಡಿನ ಹಳೆಯ ಚರ್ಚುಗಳಲ್ಲಿ ಕುಳಿತುಕೊಳ್ಳುವ ಪೀಠಗಳಿಗೆ ಬಾಡಿಗೆಯಿತ್ತು. ಭೇದ ಇರುವುದು ಬೇರೆಡೆ. ಅಭಿಷೇಕ ಮಾಡಿಸಲು ಹಣವಿಲ್ಲದವನೂ ದೇವರ ದರ್ಶನ ಮಾಡಬಹುದು, ಪುರಾಣ ಕೇಳಬಹುದು. ಸೈಂಟಾಲಜಿಯಲ್ಲಿ ಮೇಲಿನ ಮಟ್ಟದ ಉಪದೇಶವೇ ಹಣ ಕೊಟ್ಟು ಮೆಟ್ಟಿಲೇರಿದವನಿಗಲ್ಲದೆ ಗೋಚರವಾಗದು. ಸಿಬ್ಬಂದಿಯಾಗಿ ದುಡಿದು ಶಿಕ್ಷಣ ಪಡೆಯುವ ಮಾರ್ಗವೊಂದು ಬಡವನಿಗೆ ಉಂಟಾದರೂ ಅದೂ ವಿನಿಮಯವೇ. ೧೯೮೯ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಈ ಹಣ ಸೇವೆಗೆ ಪ್ರತಿಯಾಗಿ ಸಂದದ್ದು, ತೆರಿಗೆಯ ವಿನಾಯಿತಿಗೆ ಅರ್ಹವಾದ ದಾನವಲ್ಲ ಎಂದು ಬಹುಮತದಿಂದ ತೀರ್ಪಿತ್ತಿತು. ಆದರೂ ೧೯೯೩ರಲ್ಲಿ ಅಲ್ಲಿಯ ತೆರಿಗೆ ಇಲಾಖೆ ಚರ್ಚಿನೊಡನೆ ರಾಜಿಮಾಡಿಕೊಂಡು ವಿನಾಯಿತಿಯನ್ನು ಕೊಟ್ಟಿತು.

ನಮ್ಮ ಓದುಗರಲ್ಲಿ ಹೆಚ್ಚಿನವರು ಅಧ್ಯಾಪಕರಾದುದರಿಂದ, ಚರ್ಚು ಊರಿನ ಮಕ್ಕಳಿಗೂ ತರುಣರಿಗೂ ನೀಡಬಯಸುವ ಇನ್ನೊಂದು ವಸ್ತುವನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಉಚಿತ. ಅದು ಹಬ್ಬರ್ಡ್ ೧೯೬೪ರಲ್ಲಿ ಸೇಂಟ್ ಹಿಲ್‌ನಲ್ಲಿಯೇ ಉಪನ್ಯಾಸಗಳ ರೂಪದಲ್ಲಿ ಹೇಳಿದ ಅಧ್ಯಯನಪದ್ಧತಿ. ಕಲಿಕೆಗೆ ಮೂರು ಅಡ್ಡಿಗಳೆಂದು ಆತನ ಮತ. ವಸ್ತುವನ್ನು ಕಣ್ಣಿಗೆ ಕಾಣಿಸದೆ ಮಾತಿನಲ್ಲಿ ಮಾತ್ರ ಹೇಳುವುದು ಮೊದಲನೆಯದು. ಹಿಂದಿನ ಮೆಟ್ಟಿಲು ಗಟ್ಟಿಯಾಗದೆ ಮುಂದಿನದಕ್ಕೆ ಹತ್ತಿಸುವುದು ಎರಡನೆಯದು. ಅರ್ಥವಾಗದ ಪದವನ್ನು ದಾಟಿಕೊಂಡು ಓದುವುದು ಮೂರನೆಯದು. ಇದರಂತೆ ಅವರ ಪಾಠಶಾಲೆಯಲ್ಲಿ ಉಪನ್ಯಾಸಕಾರನಿಲ್ಲ; ಮೇಲ್ವಿಚಾರಕನು ಮಾತ್ರ ಉಂಟು. ವಿದ್ಯಾರ್ಥಿ ಪಾಠಪಟ್ಟಿಯನ್ನು ಹಿಡಿದು ತಾನೇ ಓದುತ್ತಾನೆ. ಮೇಜಿನ ಮೇಲೆ ಜೇಡಿಮಣ್ಣಿನಿಂದ ಭಾವಗಳಿಗೆ ಆಕಾರ ಕೊಡುತ್ತಾನೆ. ಸಂಶಯ ಬಂದ ಪ್ರತಿಯೊಂದು ಪದಕ್ಕೂ ನಿಘಂಟನ್ನು ತೆರೆಯುತ್ತಾನೆ.

ಮೊದಲ ಎರಡು ಮಾತುಗಳನ್ನು ಹೊಸತೆನ್ನಲಾಗದು. ಪೆಸ್ಟಲಾಟ್ಸಿಯ ಕಾಲದಿಂದಲೂ ಶಿಕ್ಷಣಶಾಸ್ತ್ರ ಅವನ್ನೇ ಹೇಳುತ್ತ ಬಂದಿದೆ. ನಿಘಂಟಿನ ಅಭ್ಯಾಸವಂತೂ ನಮ್ಮ ಕಾಲೇಜುಗಳಲ್ಲಿ ಇನ್ನೂ ಹೆಚ್ಚಾಗಿ ಇದ್ದಿದ್ದರೆ ಚೆನ್ನೆಂದು ನಮಗೇ ಅನೇಕ ವೇಳೆ ಅನಿಸಿದೆ. ತೊಡಕು ಇರುವುದು ಮೂರನೆಯ ಮಾತಿಗೆ ಹಬ್ಬರ್ಡ್ ಕೊಟ್ಟ ಸ್ಥಾನದಲ್ಲಿ. ವಿದ್ಯಾರ್ಥಿ ಆಕಳಿಸಿದರೆ, ಪಾಠವನ್ನು ಬಿಟ್ಟುಹೋದರೆ, ಓದಿದುದನ್ನು ಒಪ್ಪದಿದ್ದರೆ, ಎಲ್ಲದಕ್ಕೂ ಎಲ್ಲಿಯೋ ಒಂದು ಪದ ಅರ್ಥವಾಗದೆ ಉಳಿದುದೇ ಕಾರಣವೆಂದು ಅಲ್ಲಿಯ ನಿಲವು. ಹೀಗಿರಲಾಗಿ ಗ್ರಂಥವನ್ನು ಪೂರ್ಣವಾಗಿ ಅರ್ಥಮಾಡಿಕೊಂಡೂ ಒಪ್ಪದಿರುವುದು ಸಾಧ್ಯವೆಂಬ ಸ್ಥಾನವೇ ವಿದ್ಯಾರ್ಥಿಗೆ ಉಳಿಯದು. ಪೂರ್ವಪಕ್ಷವನ್ನು ಪ್ರತಿಪಕ್ಷಿಗಿಂತ ಚೆನ್ನಾಗಿ ಮಂಡಿಸಿ, ಅನಂತರ ಖಂಡಿಸುವ ಶಾಸ್ತ್ರಪದ್ಧತಿಯಲ್ಲಿ ಬೆಳೆದವರಿಗೆ ಇದರ ಕೊರತೆ ಕೂಡಲೇ ಹೊಳೆಯುತ್ತದೆ. ಗಣಿತದ ಪಾಠಕ್ಕೆ ಈ ಪದ್ಧತಿಯನ್ನು ಬಳಸಿದರೆ ಹಾನಿ ಅಲ್ಪ. ಹಬ್ಬರ್ಡನ ಗ್ರಂಥಗಳನ್ನೇ ಈ ಪದ್ಧತಿಯಿಂದ ಓದಿಸಿದರೆ ಪದ್ಧತಿಯೇ ಒಪ್ಪಿಗೆಯ ಸಾಧನವಾಗುತ್ತದೆ. ರಾಯ್ ವಾಲಿಸ್ ಎಂಬ ಬ್ರಿಟಿಷ್ ಸಮಾಜಶಾಸ್ತ್ರಜ್ಞನು ೧೯೭೬ರ ತನ್ನ ಗ್ರಂಥದಲ್ಲಿ ಈ ಚಳುವಳಿಯ ಬೆಳವಣಿಗೆಯನ್ನು ವಿವರಿಸುತ್ತ, ಯಾರು ಬೇಕಾದರೂ ಪ್ರಯೋಗಮಾಡಿ ನೋಡಬಹುದಾಗಿದ್ದ ಡಯನೆಟಿಕ್ಸ್, ಸತ್ಯದ ಒಡೆತನ ಒಬ್ಬನದೇ ಎನ್ನುವ ಸೈಂಟಾಲಜಿಯಾಗಿ ಪರಿಣಮಿಸಿದ ಬಗೆಯನ್ನು ತೋರಿಸಿದ್ದಾನೆ. ಆತನು ಸೇಂಟ್ ಹಿಲ್‌ನಲ್ಲಿಯೇ ಪ್ರಾರಂಭದ ಪಾಠವೊಂದಕ್ಕೆ ಸೇರಿ, ಒಳಗಿದ್ದು ಒಪ್ಪಿದಂತೆ ನಟಿಸುವುದು ತನ್ನಿಂದಾಗದೆಂದು ಬೇಗನೆ ಹೊರಬಂದವನು.

ಊರಿನ ಹೊರಗಿನವರಿಗೆಂದು ಚರ್ಚು ನಡಸುವ ಸೇವೆಗಳೂ ಉಂಟು. ಹಳದಿ ಅಂಗಿ ತೊಟ್ಟ 'ಸ್ವಯಂಸೇವಕ ಪಾದ್ರಿ'ಗಳು ವಿಪತ್ತಿನ ಸ್ಥಳಗಳಿಗೆ ಹೋಗುತ್ತಾರೆ. ೨೦೦೧ರಲ್ಲಿ ನ್ಯೂಯಾರ್ಕಿನ ಗೋಪುರಗಳು ಬಿದ್ದಾಗ ಅವರು ಅಲ್ಲಿದ್ದರು. ಮತದ ಹೆಸರಿಲ್ಲದೆ ೨೧ ನೀತಿವಾಕ್ಯಗಳನ್ನು ಹೇಳುವ 'ಸುಖದ ದಾರಿ' ಎಂಬ ಅರ್ಥದ ಹೆಸರಿನ ಕಿರುಹೊತ್ತಗೆಯನ್ನು ಹಂಚುತ್ತಾರೆ. ೧೯೬೬ರಲ್ಲಿ ಅಮೆರಿಕದ ಒಂದು ಸೆರೆಮನೆಯಲ್ಲಿ ಹುಟ್ಟಿದ 'ನಾರ್ಕೊನಾನ್' ಮಾದಕದ್ರವ್ಯಗಳ ಚಟ ಬಿಡಿಸುವ ಸಂಸ್ಥೆ. ಬಿಸಿಕೋಣೆಯಲ್ಲಿ ಬೆವರಿಳಿಸಿ, ಹೇರಳವಾಗಿ ನಯಾಸಿನ್ ಮುಂತಾದ ಜೀವಸತ್ತ್ವಗಳನ್ನು ಕೊಟ್ಟು ದೇಹದ ಕೊಬ್ಬಿನಲ್ಲಿ ಸೇರಿದ ವಿಷವನ್ನು ಹೊರಹಾಕುವುದು ಅದರ ಕ್ರಮ. ಈ ಕ್ರಮಕ್ಕೆ ವೈದ್ಯಶಾಸ್ತ್ರದ ಆಧಾರ ಸಾಲದೆಂದು ತಜ್ಞರು ಹೇಳಿದ್ದಾರೆ. ೧೯೬೯ರಲ್ಲಿ ಥಾಮಸ್ ಸಾಜ್ ಎಂಬ ವೈದ್ಯನೊಡನೆ ಸೇರಿ ಸ್ಥಾಪಿಸಿದ ಇನ್ನೊಂದು ಸಮಿತಿ ಮನೋವೈದ್ಯರ ದೌರ್ಜನ್ಯಗಳನ್ನು ಬಯಲಿಗೆಳೆಯುತ್ತದೆ. ಆಸ್ಟ್ರೇಲಿಯದ ಒಂದು ಖಾಸಗಿ ಆಸ್ಪತ್ರೆಯಲ್ಲಿ ರೋಗಿಗಳನ್ನು ದೀರ್ಘನಿದ್ರೆಗೆ ಒಳಪಡಿಸಿ ಹಲವರ ಸಾವಿಗೆ ಕಾರಣವಾದ ಚಿಕಿತ್ಸೆ ಬೆಳಕಿಗೆ ಬಂದುದರಲ್ಲಿ ಈ ಸಮಿತಿಯ ಪಾತ್ರವಿದ್ದುದನ್ನು ನ್ಯಾಯವಾಗಿ ಒಪ್ಪಿಕೊಳ್ಳಬೇಕು. ಆದರೆ ದೌರ್ಜನ್ಯವನ್ನು ವಿರೋಧಿಸುವುದು ಬೇರೆ, ಮನೋವೈದ್ಯವನ್ನೇ ಮೂಲತಃ ಅಳಿಸಬೇಕೆನ್ನುವುದು ಬೇರೆ. ಚರ್ಚಿನ ಬೋಧೆ ಎರಡನೆಯದು. ಉನ್ಮಾದದಿಂದಲೋ ವಿಷಾದದಿಂದಲೋ ನರಳುವವನೊಬ್ಬನು ಆಸ್ಪತ್ರೆಯ ಬಾಗಿಲಿಗೆ ಹೋಗದೆ ಈ ಬಾಗಿಲಿಗೆ ಬಂದರೆ ಆಗುವ ನಷ್ಟ, ಹಂಚಿದ ಕಿರುಹೊತ್ತಗೆಗಳ ಎಣಿಕೆಯಿಂದ ತುಂಬುವಂಥದಲ್ಲ.

ನಷ್ಟದ ಲೆಕ್ಕದಲ್ಲಿ ಸೇರತಕ್ಕ ಮತ್ತೊಂದು ವಿಷಯವೂ ಸೇಂಟ್ ಹಿಲ್‌ನಲ್ಲಿಯೇ ರೂಪುಗೊಂಡಿತು. ೧೯೬೫ರಲ್ಲಿ ಹಬ್ಬರ್ಡ್ 'ನೀತಿ'ಯೆಂಬ ಹೆಸರಿನಿಂದ ಶಿಕ್ಷಾಸಂಹಿತೆಯೊಂದನ್ನು ಜಾರಿಗೆ ತಂದನು. ಚರ್ಚನ್ನು ವಿರೋಧಿಸುವವನನ್ನು 'ದಮನಕಾರಿ'ಯೆಂದು ಘೋಷಿಸಬಹುದು; ಅಂಥವನೊಡನೆ ಸಂಬಂಧವುಳ್ಳ ಸದಸ್ಯನು ಒಂದೋ ಅವನನ್ನು ಸರಿಪಡಿಸಬೇಕು, ಇಲ್ಲವೇ ಸಂಬಂಧವನ್ನು ಕಡಿದುಕೊಳ್ಳಬೇಕು. ತಾಯಿಗೆ ಮಗನು, ಹೆಂಡತಿಗೆ ಗಂಡನು ಸಂಬಂಧ ಮುಗಿಯಿತೆಂದು ಕಾಗದ ಬರೆದ ಪ್ರಸಂಗಗಳು ವಾರ್ತಾಪತ್ರಿಕೆಗಳಿಗೂ ಪಾರ್ಲಿಮೆಂಟಿಗೂ ಮುಟ್ಟಿದವು. ೧೯೬೮ರಲ್ಲಿ ಈ ಕ್ರಮವನ್ನು ರದ್ದುಗೊಳಿಸಿದುದಾಗಿ ಹೇಳಿದರು; ೧೯೮೩ರಲ್ಲಿ ಮತ್ತೆ ತಂದರು. ಯಾರೊಡನೆ ಮಾತನಾಡಬೇಕು, ಯಾರೊಡನೆ ಕೂಡದು ಎಂಬುದು ಪ್ರತಿಯೊಬ್ಬನ ಹಕ್ಕಲ್ಲವೇ ಎಂದು ಚರ್ಚಿನ ಸಮಾಧಾನ. ಹಕ್ಕು ಹೌದು, ಆದರೆ ಆ ಹಕ್ಕನ್ನು ಚಲಾಯಿಸದಿದ್ದರೆ ಮುಂದಿನ ಮೆಟ್ಟಿಲು ಮುಚ್ಚುವುದಾದರೆ ಅದನ್ನು ಸ್ವೇಚ್ಛೆಯೆಂದು ಕರೆಯುವುದು ಹೇಗೆ?

ಸರಕಾರವೂ ಅಷ್ಟೇ ಅವಸರಪಟ್ಟಿತು. ೧೯೬೮ರ ಜುಲೈಯಲ್ಲಿ ಆರೋಗ್ಯಮಂತ್ರಿ ಕೆನೆತ್ ರಾಬಿನ್‌ಸನ್, ಸೈಂಟಾಲಜಿ ಸಮಾಜಕ್ಕೆ ಹಾನಿಕರವೆಂದು ಹೌಸ್ ಆಫ್ ಕಾಮನ್ಸಿನಲ್ಲಿ ಸಾರಿ, ಅದನ್ನು ಕಲಿಯಲೆಂದೋ ಅದರಲ್ಲಿ ದುಡಿಯಲೆಂದೋ ಬರುವ ವಿದೇಶೀಯರಿಗೆ ಪ್ರವೇಶವನ್ನು ನಿಲ್ಲಿಸಿದನು. ಅದಾಗಲೇ ಕಡಲಿನ ಮೇಲೆ ಹಡಗುಗಳಲ್ಲಿದ್ದ ಹಬ್ಬರ್ಡನಿಗೂ ಮರಳಿಬರಲು ಅವಕಾಶವಿಲ್ಲದಾಯಿತು. ಸೇಂಟ್ ಹಿಲ್‌ನಲ್ಲಿ ಕಾರ್ಯದರ್ಶಿಯ ಕೆಲಸಕ್ಕೆ ಬರಹೊರಟ ಡಚ್ ಮಹಿಳೆಯೊಬ್ಬಳನ್ನು ವಿಮಾನನಿಲ್ದಾಣದಿಂದಲೇ ಹಿಂದಿರುಗಿಸಿದರು. ಆಕೆಯ ದೂರು ಯೂರೋಪಿನ ನ್ಯಾಯಾಲಯಕ್ಕೆ ಹೋಗಿ ೧೯೭೪ರಲ್ಲಿ ತೀರ್ಮಾನವಾಯಿತು. ಯೂರೋಪಿನ ಒಕ್ಕೂಟದ ಕಾನೂನನ್ನು ಓದುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಅದು ಇಂದಿಗೂ ಪಾಠ. ಏತನ್ಮಧ್ಯೆ ಸರ್ ಜಾನ್ ಫಾಸ್ಟರ್ ೧೯೭೧ರ ತನ್ನ ವರದಿಯಲ್ಲಿ ಈ ನಿಷೇಧ ನ್ಯಾಯಸಮ್ಮತವಲ್ಲವೆಂದು ಬರೆದನು. ಬ್ರಿಟಿಷ್ ಪ್ರಜೆಗಳು ನಿರಾತಂಕವಾಗಿ ಮಾಡಬಹುದಾದುದನ್ನು ವಿದೇಶೀಯನು ಮಾಡಿದರೆ ತಡೆಯುವುದೇಕೆ? ಹಾನಿಯಿರುವುದಾದರೆ ಮನಶ್ಚಿಕಿತ್ಸೆ ಮಾಡುವವರೆಲ್ಲರಿಗೂ ಅನ್ವಯಿಸುವ ಕಾನೂನು ತರಬೇಕು ಎಂದು ಆತನ ಸಲಹೆ. ನಿಷೇಧ ೧೯೮೦ರಲ್ಲಿ ಹೋಯಿತು. ಫಾಸ್ಟರನ ಈ ವಿವೇಕ ನಮಗೆ ಮಂತ್ರಿಯ ಭಾಷಣಕ್ಕಿಂತ ಹೆಚ್ಚು ಗ್ರಾಹ್ಯವಾಗಿ ತೋರುತ್ತದೆ.

ಇನ್ನು ಉಪಾಸನೆಯ ಮಾತು. ಭಾನುವಾರ ಚರ್ಚಿನಲ್ಲಿ ಸೇವೆಯುಂಟು. ಅದಕ್ಕೆ ಯಾರು ಬೇಕಾದರೂ ಬರಬಹುದು, ದರವಿಲ್ಲ. ಪಾದ್ರಿ ತಮ್ಮ ಮತಸೂತ್ರವನ್ನು ಓದುತ್ತಾನೆ. ಹಬ್ಬರ್ಡನ ಬರಹದಿಂದ ಪ್ರವಚನವಾಗುತ್ತದೆ. ಕೊನೆಯಲ್ಲಿ ಒಂದು ಪ್ರಾರ್ಥನೆ. ನಾಮಕರಣ, ವಿವಾಹ, ಅಂತ್ಯಕ್ರಿಯೆಗಳಿಗೂ ವಿಧಿಗಳಿವೆ. ಸೇಂಟ್ ಹಿಲ್‌ನ ಪ್ರಾರ್ಥನಾಮಂದಿರವನ್ನು ೧೮೫೫ರ ಶಾಸನದಂತೆ ಉಪಾಸನಾಸ್ಥಾನವೆಂದು ನೋಂದಾಯಿಸಲು ಚರ್ಚು ಕೋರಿದಾಗ ಅಧಿಕಾರಿ ನಿರಾಕರಿಸಿದನು. ೧೯೭೦ರಲ್ಲಿ ಲಾರ್ಡ್ ಡೆನಿಂಗ್ ಆ ನಿರಾಕರಣೆಯನ್ನು ಎತ್ತಿಹಿಡಿದನು. ಉಪಾಸನೆಯೆಂದರೆ ದೇವರಿಗೋ ಪರತತ್ತ್ವಕ್ಕೋ ಸಲ್ಲಿಸುವ ಭಕ್ತಿ, ಇಲ್ಲಿರುವುದು ಮನುಷ್ಯಜೀವನದ ಒಂದು ತತ್ತ್ವಜ್ಞಾನ ಮಾತ್ರ ಎಂದು ಆತನ ವಾದ. ಹಾಗಾದರೆ ಬೌದ್ಧ ವಿಹಾರಗಳ ಗತಿಯೇನು ಎಂಬ ಪ್ರಶ್ನೆ ಆತನಿಗೂ ಹೊಳೆದಿತ್ತು. ಅವುಗಳನ್ನು ಅಪವಾದವೆಂದು ಹೇಳಿ ಮುಂದಕ್ಕೆ ಹೋದನು.

ಈ ಅಪವಾದವೇ ಮುಂದೆ ನಿಯಮವನ್ನು ಕೆಡವಿತು. ೧೯೮೩ರಲ್ಲಿ ಆಸ್ಟ್ರೇಲಿಯದ ಉಚ್ಚ ನ್ಯಾಯಾಲಯ ಸೈಂಟಾಲಜಿಯನ್ನು ಮತವೆಂದು ಒಪ್ಪಿತು. ೨೦೧೩ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯ, ಲಂಡನ್ನಿನ ಚರ್ಚಿನಲ್ಲಿ ಮದುವೆಯಾಗಬಯಸಿದ ತರುಣಿಯೊಬ್ಬಳ ಮೊಕದ್ದಮೆಯಲ್ಲಿ ಡೆನಿಂಗನ ತೀರ್ಪನ್ನು ತಳ್ಳಿಹಾಕಿತು. ದೇವರಿಲ್ಲದುದು ಮತವಲ್ಲವೆಂದರೆ ಬೌದ್ಧ, ಜೈನ ಮತಗಳನ್ನು ಹೊರಗಿಟ್ಟಂತಾಗುವುದೆಂದು ಲಾರ್ಡ್ ಟೂಲ್ಸನ್ ಬರೆದನು. ನಮಗೆ ಈ ವಿಚಾರ ಹೊಸತಲ್ಲ. ಉಡುಪಿಯ ಅಷ್ಟಮಠಗಳಲ್ಲಿ ಒಂದಾದ ಶಿರೂರು ಮಠದ ಮೊಕದ್ದಮೆಯಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ ೧೯೫೪ರಲ್ಲಿಯೇ, ಬೌದ್ಧ ಜೈನಗಳ ಉದಾಹರಣೆಯನ್ನೇ ಕೊಟ್ಟು, ಮತಕ್ಕೆ ಈಶ್ವರನಂಬಿಕೆ ಅವಶ್ಯವಲ್ಲವೆಂದು ಹೇಳಿತ್ತು.

ಮತವೆಂದಾಯಿತು, ಊರಿಗೆ ಹಿತವೆಂದಾಯಿತೇ? ಇವೆರಡು ಬೇರೆ ಬೇರೆ ಪ್ರಶ್ನೆಗಳೆಂಬುದಕ್ಕೆ ಇಂಗ್ಲೆಂಡಿನ ಧರ್ಮದತ್ತಿಗಳ ಆಯೋಗ ೧೯೯೯ರ ನವೆಂಬರಿನಲ್ಲಿ ಇತ್ತ ನಿರ್ಣಯ ಸಾಕ್ಷಿ. ಚರ್ಚನ್ನು ಧರ್ಮದತ್ತಿಯೆಂದು ದಾಖಲಿಸಲು ಆಯೋಗ ಒಪ್ಪಲಿಲ್ಲ. ಆಡಿಟಿಂಗೂ ಶಿಕ್ಷಣವೂ ಉಪಾಸನೆಯಲ್ಲವೆಂಬುದು ಅದರ ಒಂದು ಕಾರಣ. ಇದರ ಬಲ ೨೦೧೩ರ ತೀರ್ಪಿನಿಂದ ಕುಗ್ಗಿರಬಹುದು. ಎರಡನೆಯ ಕಾರಣ ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು. ಒಬ್ಬನು ಹಣ ಕೊಟ್ಟು, ಮುಚ್ಚಿದ ಬಾಗಿಲ ಹಿಂದೆ ಪಡೆಯುವ ಆಡಿಟಿಂಗಿನ ಫಲ ಅವನದೇ. ಸಾರ್ವಜನಿಕರಿಗೆ ಅದರಿಂದ ಹಿತವಾಗುವುದೆಂಬುದು ಸಿದ್ಧವಾಗಿಲ್ಲ ಎಂದು ಆಯೋಗ ಕಂಡಿತು. ಚರ್ಚಿನ ಪ್ರತಿವಾದವನ್ನೂ ಹೇಳಬೇಕು: ಒಬ್ಬೊಬ್ಬನು ನೆಟ್ಟಗಾದರೆ ಸಮಾಜವೇ ನೆಟ್ಟಗಾಗುತ್ತದೆ, ಆದುದರಿಂದ ವ್ಯಕ್ತಿಯ ಹಿತವೇ ಊರಿನ ಹಿತ. ಏಕಾಂತದಲ್ಲಿ ತಪಸ್ಸು ಮಾಡುವ ಸಂನ್ಯಾಸಿಯಿಂದ ಲೋಕಕ್ಕೆ ಉಪಕಾರವೆಂದು ನಂಬಿದ ನಾವು ಈ ಮಾತನ್ನು ನಕ್ಕು ಬಿಡುವಂತಿಲ್ಲ. ಬಳಿಕ ೨೦೦೬ರ ಶಾಸನ ದೇವರಿಲ್ಲದ ಮತಗಳನ್ನೂ ಧರ್ಮದತ್ತಿಯ ವ್ಯಾಖ್ಯೆಯೊಳಗೆ ತಂದಿತು. ಜೊತೆಗೆ ಮತವೆಂದ ಮಾತ್ರಕ್ಕೆ ಜನಹಿತವನ್ನು ಊಹಿಸಿಕೊಳ್ಳಕೂಡದು, ತೋರಿಸಿಕೊಡಬೇಕು ಎಂದೂ ವಿಧಿಸಿತು.

ತೋರಿಸಿಕೊಡುವ ಹೊಣೆ ಚರ್ಚಿನದು. ಅಳೆದು ನೋಡುವ ಕೆಲಸ ನಮ್ಮಂಥವರದು. ೨೦೧೧ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸುಗಳೆರಡರಲ್ಲಿ ಸೇರಿ ತಾವು ಸೈಂಟಾಲಜಿಯವರೆಂದು ಬರೆಸಿದವರು ೨,೪೧೮ ಮಂದಿ. ಕಟ್ಟಡಗಳ ವೈಭವವನ್ನೂ ವ್ಯಾಜ್ಯಗಳ ಗದ್ದಲವನ್ನೂ ನೋಡಿದವನಿಗೆ ಈ ಸಂಖ್ಯೆ ಅತ್ಯಲ್ಪವೆನಿಸುತ್ತದೆ. ಇವರನ್ನು ವಿಚಾರಿಸಿದರೆ ಒಂದು ಉತ್ತರ ಬರುತ್ತದೆ. ಬಿಟ್ಟು ಬಂದು ಪುಸ್ತಕ ಬರೆದವರನ್ನು ವಿಚಾರಿಸಿದರೆ ಮತ್ತೊಂದು. ಆದರೆ ಚರ್ಚಿನ ಬಾಗಿಲನ್ನು ಹೊಕ್ಕವರಲ್ಲಿ ಬಹುಮಂದಿ ಈ ಎರಡು ಗುಂಪಿಗೂ ಸೇರಿದವರಲ್ಲ. ಒಂದು ಸಂಜೆ ೨೦೦ ಪ್ರಶ್ನೆಗಳಿಗೆ ಉತ್ತರ ಬರೆದು, ಸಂಭಾಷಣೆಯ ಪಾಠವೊಂದನ್ನು ಮುಗಿಸಿ, ಒಂದೆರಡು ಪುಸ್ತಕ ಕೊಂಡು, ತಮ್ಮ ಪಾಡಿಗೆ ತಾವು ಮನೆಗೆ ಹೋದವರು ಅವರು. ಸಂಸ್ಥೆಯ ಪಟ್ಟಿಯಲ್ಲಿ ಅವರು ಸದಸ್ಯರಾಗಿ ಉಳಿದಿರಬಹುದು, ಜನಗಣತಿಯಲ್ಲಿ ಬೇರೇನೋ ಆಗಿರುತ್ತಾರೆ. ಈಸ್ಟ್ ಗ್ರಿನ್‌ಸ್ಟೆಡ್ಡಿನಂಥ ಊರಿನಲ್ಲಿ ಇಂಥವರು ಅಂಗಡಿಯ ಗಲ್ಲೆಯ ಹಿಂದೆಯೂ ಶಾಲೆಯ ಮೇಜಿನ ಮುಂದೆಯೂ ಇದ್ದಾರು. ಅವರನ್ನು ಹುಡುಕುವುದಕ್ಕೆ ಚರ್ಚಿನ ಮೂಲಕವೂ ವಿರೋಧಿಗಳ ಮೂಲಕವೂ ಹೋಗುವಂತಿಲ್ಲ. ಮನೆಯಿಂದ ಮನೆಗೆ ಹೋಗಿ ಕೇಳಬೇಕು.